ನೆಲೆ ತಪ್ಪಿದ ಮಕ್ಕಳು ಮತ್ತು ನಮ್ಮ ಹಾಜರಿ ಪುಸ್ತಕ

ಮಂಗಳವೇಢೆಯಲ್ಲಿ ನಡೆದ ಒಂದು ಶಿಕ್ಷಕರ ತರಬೇತಿಯಲ್ಲಿ ನಿರಾಶ್ರಿತ ಹಿನ್ನೆಲೆಯ ವಿದ್ಯಾರ್ಥಿಗಳ ಯೋಗಕ್ಷೇಮ ಎಂಬ ವಿಷಯ ನನ್ನ ಪಾಲಿಗೆ ಬಂದಿತ್ತು. ಫಲಕದ ಮೇಲೆ ಶೀರ್ಷಿಕೆ ಬರೆದು ಮುಗಿಸುವಷ್ಟರಲ್ಲಿ ಹಿರಿಯ ಶಿಕ್ಷಕರೊಬ್ಬರು ಎದ್ದು ನಿಂತರು. “ಸರ್, ಈ ವಿಷಯ ನಮಗೆ ಯಾಕೆ? ನಮ್ಮ ಊರಾಗ ನಿರಾಶ್ರಿತರು ಯಾರೂ ಇಲ್ಲರಿ” ಎಂದರು. ಸಭೆ ನಕ್ಕಿತು. ನಾನು ಅವರಿಗೆ ಒಂದೇ ಪ್ರಶ್ನೆ ಕೇಳಿದೆ: “ದೀಪಾವಳಿ ರಜೆ ಮುಗಿದ ಮರುದಿನ ನಿಮ್ಮ ವರ್ಗದಲ್ಲಿ ಎಷ್ಟು ಮಕ್ಕಳು ಇರುತ್ತಾರೆ?” ಅವರು ಸ್ವಲ್ಪ ಹೊತ್ತು ಯೋಚಿಸಿ, “ಕಾರಖಾನೆ ಸುರುವಾಗಿರ್ತದಲ್ಲರಿ, ಅರ್ಧಾ ಬೆಂಚು ಖಾಲಿ” ಎಂದರು. ಆಮೇಲೆ ಯಾರೂ ನಗಲಿಲ್ಲ.

ಪದಗಳ ವಿಷಯದಲ್ಲಿ ಪ್ರಾಮಾಣಿಕರಾಗಿರುವುದು ಒಳ್ಳೆಯದು. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಮೊದಲಾದ ಕಾರಣಗಳಿಂದ ಹಿಂಸೆಗೆ ಹೆದರಿ ತನ್ನ ದೇಶದ ಗಡಿ ದಾಟಿದವನನ್ನು 1951ರ ಅಂತರರಾಷ್ಟ್ರೀಯ ಒಡಂಬಡಿಕೆ ನಿರಾಶ್ರಿತನೆಂದು ಕರೆಯುತ್ತದೆ. ಭಾರತ ಆ ಒಡಂಬಡಿಕೆಗೆ ಸಹಿ ಹಾಕಿಲ್ಲ. ಆದರೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು 1992ರಲ್ಲಿ ಒಪ್ಪಿಕೊಂಡಿದೆ. ಕಬ್ಬು ಕಡಿಯಲು ಹೋಗುವ ಕುಟುಂಬ ಈ ಅರ್ಥದಲ್ಲಿ ನಿರಾಶ್ರಿತ ಕುಟುಂಬವಲ್ಲ. ಅದಕ್ಕೆ ಹಿಂದಿರುಗಲು ಒಂದು ಊರಿದೆ, ಬೀಗ ಹಾಕಿದ ಒಂದು ಮನೆಯಿದೆ. ಎರಡನ್ನೂ ಒಂದೇ ಎಂದರೆ ನಿಜವಾಗಿ ದೇಶ ಕಳೆದುಕೊಂಡವರ ದುಃಖವನ್ನು ಹಗುರ ಮಾಡಿದಂತಾಗುತ್ತದೆ. ಆದರೆ ಎಂಟು ವರ್ಷದ ಮಗುವಿನ ಕಡೆಯಿಂದ ನೋಡಿದರೆ ಹೋಲಿಕೆ ಕಾಣುತ್ತದೆ. ಹೋಗುವ ನಿರ್ಧಾರ ಅದರದಲ್ಲ. ಎಲ್ಲಿಗೆ, ಎಷ್ಟು ದಿನಕ್ಕೆ ಎಂದು ಅದಕ್ಕೆ ಯಾರೂ ಹೇಳುವುದಿಲ್ಲ. ಒಂದು ಮುಂಜಾನೆ ಕಣ್ಣು ತೆರೆದಾಗ ಗೆಳೆಯರಿಲ್ಲ, ಶಾಲೆಯಿಲ್ಲ, ಸುತ್ತಲಿನ ಮಾತು ತನ್ನದಲ್ಲ. ಶಿಕ್ಷಕನ ಕೆಲಸ ಆರಂಭವಾಗುವುದು ಈ ಅನುಭವದಿಂದ. ಮಗುವಿನ ಕಾನೂನುಬದ್ಧ ಹೆಸರು ಯಾವುದೆಂಬುದು ಆನಂತರದ ಮಾತು.

ನಮ್ಮ ನೆಲದ ನೆನಪು

ನಿಜವಾದ ಅರ್ಥದ ನಿರಾಶ್ರಿತರನ್ನೂ ನಮ್ಮ ಈ ಸೀಮೆ ಕಂಡಿದೆ. 1947–48ರಲ್ಲಿ ಆಳಂದ, ಅಫಜಲಪುರಗಳು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಕ್ಕಲಕೋಟೆ ಬೇರೊಂದು ಸಂಸ್ಥಾನ, ಮಂಗಳವೇಢೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದು, ಸೊಲ್ಲಾಪುರ ಮುಂಬಯಿ ಪ್ರಾಂತದ್ದು. ಹತ್ತು ಹರದಾರಿಯೊಳಗೆ ನಾಲ್ಕು ಆಳ್ವಿಕೆಗಳು. ರಜಾಕಾರರ ಹಾವಳಿ ಹೆಚ್ಚಿದಾಗ ಗಡಿಯಾಚೆಯ ಹಳ್ಳಿಗಳ ಕುಟುಂಬಗಳು ಚಕ್ಕಡಿಯಲ್ಲಿ ಕಾಳುಕಡಿ ಹೇರಿಕೊಂಡು ಈಚೆಗೆ ಬಂದವು. ಗಡಿಯುದ್ದಕ್ಕೂ ಶಿಬಿರಗಳು ಎದ್ದವು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನದ ಆಳ್ವಿಕೆ ಕೊನೆಗೊಂಡ ಮೇಲೆ ಬಹಳ ಮಂದಿ ಮರಳಿದರು, ಕೆಲವರು ಇಲ್ಲಿಯೇ ಉಳಿದರು. ಆ ಸೆಪ್ಟೆಂಬರಿನ ಆಚೆಗೆ ಇನ್ನೊಂದು ಸಮುದಾಯದ ಬಡ ಕುಟುಂಬಗಳೂ ಅದೇ ಪ್ರದೇಶದಲ್ಲಿ ಹೆದರಿ ಊರು ಬಿಟ್ಟವೆಂಬುದನ್ನು ನಾವು ಹೇಳದೆ ಬಿಡಬಾರದು. ಓಡುವ ಮಕ್ಕಳಲ್ಲಿ ಗೆದ್ದವರ ಮಕ್ಕಳು, ಸೋತವರ ಮಕ್ಕಳು ಎಂಬ ಭೇದವಿಲ್ಲ.

ಮಂಗಳವೇಢೆಯ ಹೆಸರಿಗೇ ಇಂಥದೊಂದು ನೆನಪು ಅಂಟಿಕೊಂಡಿದೆ. ಬೀದರದ ಸುಲ್ತಾನನ ಅಧಿಕಾರಿಯಾಗಿದ್ದ ದಾಮಾಜಿಪಂತರು ಬರಗಾಲದಲ್ಲಿ ಸರಕಾರದ ಕಣಜ ತೆರೆದು ಹಸಿದವರಿಗೆ ಧಾನ್ಯ ಹಂಚಿದ ಕಥೆಯನ್ನು ನಮ್ಮ ಮಕ್ಕಳು ಚಿಕ್ಕಂದಿನಿಂದ ಕೇಳುತ್ತಾರೆ. ಪಾಠ ಮಾಡುವಾಗ ನಾವು ದಾಮಾಜಿಯವರ ಭಕ್ತಿಯನ್ನೂ ವಿಠ್ಠಲನ ಲೀಲೆಯನ್ನೂ ಬಣ್ಣಿಸಿ ಮುಂದೆ ಹೋಗುತ್ತೇವೆ. ಕಣಜದ ಬಾಗಿಲಲ್ಲಿ ನಿಂತಿದ್ದವರು ಯಾರು, ಯಾವ ಯಾವ ಊರಿನಿಂದ ನಡೆದು ಬಂದಿದ್ದರು ಎಂದು ಕೇಳುವುದಿಲ್ಲ. ಒಮ್ಮೆ ಕೇಳಿ ನೋಡಿ. ವರ್ಗದಲ್ಲಿ ಕೈ ಎತ್ತದ ಮಗುವೊಂದು ಕೈ ಎತ್ತಬಹುದು.

ಕರ್ನಾಟಕದ ಕಡೆ ನೋಡಿದರೆ ಮೂರು ಬಗೆಯ ಅನುಭವಗಳು ಸಿಗುತ್ತವೆ. ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ 1960ರಿಂದ ನೆಲೆಸಿದ ಟಿಬೆಟನ್ನರಿಗೆ ತಮ್ಮದೇ ಶಾಲೆಗಳಿದ್ದವು. ಅವರ ಭಾಷೆ ಉಳಿಯಿತು. 1964ರ ಭಾರತ–ಸಿಲೋನ್ ಒಪ್ಪಂದದಂತೆ ಶ್ರೀಲಂಕೆಯ ಚಹಾ ತೋಟಗಳಿಂದ ಮರಳಿದ ತಮಿಳು ಕುಟುಂಬಗಳಲ್ಲಿ ಅನೇಕರಿಗೆ ಸುಳ್ಯ, ಪುತ್ತೂರು ಭಾಗದ ರಬ್ಬರ್ ತೋಟಗಳಲ್ಲಿ ಕೆಲಸ ಕೊಡಲಾಯಿತು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳನ್ನು 1970ರ ದಶಕದಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ನೆಲೆಗೊಳಿಸಲಾಯಿತು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎನ್ನುವಂತೆ ಅಲ್ಲಿಯ ಮಕ್ಕಳು ಬೆಳೆದರು. ಅರ್ಧ ಶತಮಾನ ಕಳೆದರೂ ಆ ಊರುಗಳನ್ನು ಆರ್.ಎಚ್. ಕ್ಯಾಂಪ್ ಎಂದೇ, ಒಂದು, ಎರಡು, ಮೂರು ಎಂಬ ಸಂಖ್ಯೆಯಿಂದಲೇ ಕರೆಯುತ್ತಾರೆ. ಊರಿಗೆ ಹೆಸರಿಲ್ಲದೆ ಸಂಖ್ಯೆಯಿದ್ದರೆ ಮಗು ಎಲ್ಲಿಯವನೆಂದು ಹೇಳಿಕೊಳ್ಳಬೇಕು? ಸೊಲ್ಲಾಪುರದ ‘ಸೆಟಲ್‌ಮೆಂಟ್’ ಎಂಬ ಶಬ್ದವನ್ನು ಬಲ್ಲ ಶಿಕ್ಷಕರಿಗೆ ಇದನ್ನು ವಿವರಿಸಬೇಕಿಲ್ಲ. ಬ್ರಿಟಿಷರು ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿ ತಂತಿಬೇಲಿಯೊಳಗೆ ಇಟ್ಟಿದ್ದರು. ಆ ಕಾಯ್ದೆ 1952ರಲ್ಲಿ ಹೋಯಿತು, ಶಬ್ದ ಮಾತ್ರ ಮಕ್ಕಳ ಬೆನ್ನು ಬಿಟ್ಟಿಲ್ಲ. ‘ಕೋಯ್ತಾದವರ ಹುಡುಗ’, ‘ತಾಂಡಾದ ಹುಡುಗಿ’ ಎಂದು ನಾವು ಶಿಕ್ಷಕರ ಕೋಣೆಯಲ್ಲಿ ಸಹಜವಾಗಿ ಆಡುವ ಮಾತೂ ಇದೇ ಜಾತಿಯದು.

ನಾನು ಹೊಡೆದು ಹಾಕಿದ ಹೆಸರು

ಸುಮಾರು ಮೂವತ್ತು ವರ್ಷಗಳ ಹಿಂದೆ, ನೌಕರಿಯ ಆರಂಭದಲ್ಲಿ, ನಾನು ಒಂದು ಕನ್ನಡ ಶಾಲೆಯ ಮೂರನೆಯ ವರ್ಗಕ್ಕೆ ಕಲಿಸುತ್ತಿದ್ದೆ. ದಸರೆಯ ಮುನ್ನ ಮುಕಾದಮನಿಂದ ಉಚಲ ಪಡೆದ ಕುಟುಂಬಗಳು ದೀಪಾವಳಿಯ ಹೊತ್ತಿಗೆ ಹೊರಟವು. ಉಚಲ ಎಂದರೆ ಮುಂಗಡ ಹಣ. ಅದನ್ನು ತೀರಿಸುವವರೆಗೆ ಗಂಡ ಹೆಂಡತಿ ಇಬ್ಬರೂ ಕಬ್ಬು ಕಡಿಯಬೇಕು. ಇಬ್ಬರನ್ನೂ ಸೇರಿಸಿ ಒಂದು ಕೋಯ್ತಾ ಎಂದು ಲೆಕ್ಕ ಹಿಡಿಯುತ್ತಾರೆ. ಮಗು ಆ ಲೆಕ್ಕದಲ್ಲಿಲ್ಲ, ಆದರೆ ಕಬ್ಬಿನ ಫಡದಲ್ಲಿದೆ. ತಮ್ಮನನ್ನು ಎತ್ತಿಕೊಳ್ಳುತ್ತದೆ, ನೀರು ತರುತ್ತದೆ, ಕೋಪಿಯನ್ನು ಕಾಯುತ್ತದೆ.

ನನ್ನ ವರ್ಗದಿಂದ ಹೋದವರಲ್ಲಿ ಒಬ್ಬ ಹುಡುಗನಿದ್ದ. ಓದಿನಲ್ಲಿ ಚುರುಕು, ಮಾತು ಕಡಿಮೆ. ಗೈರುಹಾಜರಿ ಬಹಳ ದಿನ ಬೆಳೆದಾಗ ತಪಾಸಣೆಯ ಭಯದಿಂದ ನಾನು ಅವನ ಹೆಸರನ್ನು ಕಡಿಮೆ ಮಾಡಿದೆ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಹಾಜರಿಯ ಸರಾಸರಿ ಚೆನ್ನಾಗಿ ಕಾಣಬೇಕೆಂಬುದು ನನ್ನದೇ ಆಸೆ. ಏಪ್ರಿಲ್ ತಿಂಗಳ ಒಂದು ಮುಂಜಾನೆ ಅವನು ಬಂದು ಬಾಗಿಲ ಬಳಿ ಕುಳಿತ. ಕಾಲು ಒಡೆದಿದ್ದವು, ಅಂಗಿ ಅಳತೆಗೆ ಸಣ್ಣದಾಗಿತ್ತು. ನಾನು ಹಾಜರಿ ಕರೆಯತೊಡಗಿದೆ. ಅವನು ಬೆನ್ನು ನೆಟ್ಟಗೆ ಮಾಡಿ, ತನ್ನ ಸರದಿ ಬಂದಾಗ ಹೇಳಲು ಸಿದ್ಧನಾಗಿ ಕುಳಿತಿದ್ದನ್ನು ಕಣ್ಣಂಚಿನಲ್ಲಿ ಕಂಡೆ. ಅವನ ಸಂಖ್ಯೆಯ ಮುಂದೆ ಬೇರೊಬ್ಬರ ಹೆಸರಿತ್ತು. ಪುಸ್ತಕ ಮುಚ್ಚಿದ ಮೇಲೆ ಅವನು ಮೆಲ್ಲಗೆ ಹೇಳಿದ: “ಗುರೂಜಿ, ನನ್ನ ಹೆಸರಾ ಕರೀಲಿಲ್ಲರಿ.” ನಾನು ಏನೋ ಸಮಾಧಾನ ಹೇಳಿದೆ. ಜೂನ್ ತಿಂಗಳಲ್ಲಿ ಅವನು ಶಾಲೆಗೆ ಬರಲಿಲ್ಲ.

ಈ ಲೇಖನದಲ್ಲಿ ನಾನು ಹೇಳಬೇಕಾದುದು ಮುಖ್ಯವಾಗಿ ಇದೇ. ನೆಲೆ ಕಳೆದುಕೊಂಡ ಮಗುವಿಗೆ ಶಾಲೆಯು ಕೊಡಬಹುದಾದ ಮೊದಲ ಆಸರೆ ವಿಶೇಷ ಬೋಧನೆಯಲ್ಲ, ಸಾಂತ್ವನವೂ ಅಲ್ಲ. ಅದಕ್ಕೆಂದು ಕಾದಿಟ್ಟ ಒಂದು ಸ್ಥಳ: ಪುಸ್ತಕದಲ್ಲಿ ಹೆಸರು, ವರ್ಗದಲ್ಲಿ ಜಾಗ, ಗೋಡೆಯ ಮೇಲೆ ಅದರ ಒಂದು ಚಿತ್ರ. ಉಳಿದೆಲ್ಲವೂ ಅದರ ಮೇಲೆ ನಿಲ್ಲುತ್ತವೆ.

ಇಂದಿನ ಶಿಕ್ಷಕರಿಗೆ ಕಾನೂನಿನ ಬೆಂಬಲವಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ‘ಪ್ರತಿಯೊಂದು ಮಗು’ವಿನ ಬಗ್ಗೆ ಮಾತನಾಡುತ್ತದೆ. ಕಲಂ 4ರಂತೆ ಮಗುವನ್ನು ವಯಸ್ಸಿಗೆ ತಕ್ಕ ವರ್ಗಕ್ಕೆ ಸೇರಿಸಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. ಹತ್ತು ವರ್ಷದವನನ್ನು ಒಂದನೆಯ ವರ್ಗದ ಚಿಕ್ಕ ಮಕ್ಕಳ ನಡುವೆ ಕೂರಿಸುವ ಹಳೆಯ ಪದ್ಧತಿಗೆ ಅಲ್ಲಿ ಅವಕಾಶವಿಲ್ಲ. ಕಲಂ 5ರಂತೆ ದಾಖಲೆ ತಡವಾಯಿತೆಂದು ಪ್ರವೇಶ ನಿಲ್ಲಿಸುವಂತಿಲ್ಲ, ಕಲಂ 14ರಂತೆ ವಯಸ್ಸಿನ ಪುರಾವೆ ಇಲ್ಲವೆಂದು ತಿರುಗಿ ಕಳಿಸುವಂತಿಲ್ಲ. ವಲಸೆ ಕುಟುಂಬದ ಮಕ್ಕಳ ಪ್ರವೇಶದ ಹೊಣೆಯನ್ನು ಕಲಂ 9 ಸ್ಥಳೀಯ ಪ್ರಾಧಿಕಾರದ ಮೇಲೆಯೇ ಹೊರಿಸಿದೆ. ನಮ್ಮಲ್ಲಿ ಹೆಚ್ಚು ಓದದ ಭಾಗ ಕಲಂ 29. ಪಠ್ಯಕ್ರಮವು ಮಗುವನ್ನು ಭಯ, ಆಘಾತ ಮತ್ತು ಆತಂಕಗಳಿಂದ ಮುಕ್ತಗೊಳಿಸಬೇಕೆಂದು ಅಲ್ಲಿ ಹೇಳಿದೆ. ಅಂದರೆ ಮಗುವಿನ ಮನಸ್ಸಿನ ನೆಮ್ಮದಿ ಶಿಕ್ಷಕನ ಔದಾರ್ಯಕ್ಕೆ ಬಿಟ್ಟ ಸಂಗತಿಯಲ್ಲ, ಅದು ಪಠ್ಯಕ್ರಮದ ಭಾಗ.

ವರ್ಗದೊಳಗೆ

ಆಘಾತವು ಮಕ್ಕಳಲ್ಲಿ ಅಳುವಿನ ರೂಪದಲ್ಲಿಯೇ ಬರುತ್ತದೆಂದು ತಿಳಿಯಬಾರದು. ವಲಸೆ, ನೆರೆ, ಗಲಭೆ ಯಾವುದನ್ನು ಕಂಡು ಬಂದ ಮಗುವಾದರೂ ಮೊದಲ ವಾರಗಳಲ್ಲಿ ವರ್ಗದಲ್ಲಿ ನಿದ್ರೆ ಮಾಡಬಹುದು. ಬಾಗಿಲು ದಡಾರನೆ ಮುಚ್ಚಿದರೆ ಬೆಚ್ಚಬಹುದು, ಸಣ್ಣ ಮಾತಿಗೆ ಜಗಳಕ್ಕೆ ನಿಲ್ಲಬಹುದು, ದಿನವೂ ಹೊಟ್ಟೆನೋವೆನ್ನಬಹುದು. ಮಧ್ಯಾಹ್ನದ ಊಟದ ಒಂದು ಪಾಲನ್ನು ಚೀಲದಲ್ಲಿ ಅಡಗಿಸಿಡುವ ಮಗುವನ್ನು ನಾನು ಕಂಡಿದ್ದೇನೆ. ಅದು ಕಳ್ಳತನವಲ್ಲ, ನಾಳೆಯ ಊಟದ ಬಗ್ಗೆ ಭರವಸೆ ಇಲ್ಲದ ಮನಸ್ಸಿನ ಲೆಕ್ಕಾಚಾರ. ಅಂಥ ಮಗುವಿಗೆ ಬೈಗುಳ ಬೇಡ, “ನಾಳೆಯೂ ಇಷ್ಟೇ ಹೊತ್ತಿಗೆ ಊಟ ಇದೆ” ಎಂಬ ಮಾತು ಸಾಕು. ಆ ಮಾತು ಮರುದಿನ ನಿಜವಾಗಬೇಕು, ಅದರ ಮರುದಿನವೂ ನಿಜವಾಗಬೇಕು.

ನೆಲೆ ತಪ್ಪಿದ ಮಗುವಿಗೆ ದಿನಚರಿಯೇ ಔಷಧ. ಪ್ರಾರ್ಥನೆ, ಹಾಜರಿ, ಪಾಠ, ಊಟ, ಆಟ ಇವು ಅದೇ ಕ್ರಮದಲ್ಲಿ ನಡೆದರೆ ಮುಂದೇನು ಬರುತ್ತದೆಂದು ಮಗುವಿಗೆ ಗೊತ್ತಾಗುತ್ತದೆ. ಮುಂದಿನದು ಗೊತ್ತಿರುವುದೇ ನೆಮ್ಮದಿ. ಫಲಕದ ಮೂಲೆಯಲ್ಲಿ ಆ ದಿನದ ಕ್ರಮವನ್ನು ಬರೆದಿಡಿ. ಕುಳಿತುಕೊಳ್ಳುವ ಜಾಗವನ್ನು ಮೇಲಿಂದ ಮೇಲೆ ಬದಲಿಸಬೇಡಿ. ಜೊತೆಗೆ ಒಬ್ಬ ಸ್ನೇಹಿತನನ್ನು ಕೊಡಿ. ವರ್ಗದ ಅತಿ ಜಾಣ ಹುಡುಗನಿಗಿಂತ ಮಾತು ಕಲಿಸುವ, ಆಟಕ್ಕೆ ಕರೆಯುವ ಹುಡುಗನೇ ಇದಕ್ಕೆ ತಕ್ಕವನು.

ಒಂದು ಎಚ್ಚರಿಕೆ. ಒಳ್ಳೆಯ ಮನಸ್ಸಿನ ಶಿಕ್ಷಕರೇ ಹೆಚ್ಚಾಗಿ ಮಾಡುವ ತಪ್ಪೆಂದರೆ ಮಗುವನ್ನು ಮುಂದೆ ನಿಲ್ಲಿಸಿ “ಅಲ್ಲಿ ಏನಾಯಿತು ಹೇಳು” ಎನ್ನುವುದು. ನಲವತ್ತು ಜೋಡಿ ಕಣ್ಣುಗಳ ಮುಂದೆ ತನ್ನ ದುಃಖವನ್ನು ಬಿಚ್ಚಿಡುವ ಮಗುವಿಗೆ ಆಮೇಲೆ ಅದನ್ನು ಮಡಚಿಡಲು ಬರುವುದಿಲ್ಲ. ಕೇಳದಿರಿ, ಆದರೆ ಹೇಳಿದರೆ ಕೇಳಿಸಿಕೊಳ್ಳಿ. ಚಿತ್ರ ಬಿಡಿಸಲು ಕಾಗದ ಕೊಡಿ, ಚಿತ್ರಕ್ಕೆ ಅಂಕ ಹಾಕಬೇಡಿ. ಶಿಕ್ಷಕರು ವೈದ್ಯರಲ್ಲ, ಆಗುವುದೂ ಬೇಡ. ಕೆಲವು ವಾರ ಕಳೆದರೂ ಮಗು ಉಣ್ಣದಿದ್ದರೆ, ಮಲಗದಿದ್ದರೆ, ತನ್ನನ್ನೇ ನೋಯಿಸಿಕೊಳ್ಳುವ ಸೂಚನೆ ಕಂಡರೆ ತಡಮಾಡದೆ ಪಾಲಕರೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಮಾನಸಿಕ ಆರೋಗ್ಯಕ್ಕಾಗಿ ‘ಟೆಲಿ ಮಾನಸ್’ ಸೇವೆಯ 14416, ಅಪಾಯದಲ್ಲಿರುವ ಮಕ್ಕಳಿಗಾಗಿ 1098, ಈ ಎರಡು ಸಂಖ್ಯೆಗಳು ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಇರಲಿ.

ಭಾಷೆಯ ಮಾತಿಗೆ ಬರೋಣ. ಇಲ್ಲಿ ನಾವು, ಮಹಾರಾಷ್ಟ್ರದ ಕನ್ನಡ ಶಿಕ್ಷಕರು, ಬೇರೆಯವರಿಗಿಂತ ಹೆಚ್ಚು ಬಲ್ಲವರು. ತಾಲ್ಲೂಕು ಕಚೇರಿಯಲ್ಲಿ ಮಾತು ತಡವರಿಸಿದಾಗ ಆಗುವ ಮುಜುಗರ ನಮ್ಮ ಪಾಲಕರಿಗೆ ಗೊತ್ತು. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯ ಇರಬೇಕೆನ್ನುತ್ತದೆ, ನಮ್ಮ ಶಾಲೆಗಳು ನಿಂತಿರುವುದು ಆ ಆಧಾರದ ಮೇಲೆ. ಹಾಗಿರುವಾಗ ನಮ್ಮ ವರ್ಗಕ್ಕೆ ತಾಂಡಾದಿಂದ ಬಂದ ಮಗು ತನ್ನ ತಂಗಿಯೊಡನೆ ಗೋರ್ ಬೋಲಿಯಲ್ಲಿ ಮಾತನಾಡಿದರೆ “ಇದು ಕನ್ನಡ ಶಾಲೆ, ಕನ್ನಡದಾಗ ಮಾತಾಡು” ಎಂದು ಗದರಿಸುವ ಹಕ್ಕು ನಮಗೆ ಎಲ್ಲಿಂದ ಬಂತು? ನಾವು ಕೇಳುವ ನ್ಯಾಯವನ್ನು ಕೊಡಲೂ ಕಲಿಯಬೇಕು. ಆ ಮಗುವಿನಿಂದ ಹತ್ತು ಶಬ್ದ ಕೇಳಿ ಕಲಿಯಿರಿ. ನೀರು, ಊಟ, ನೋವು, ಅಮ್ಮ ಇಷ್ಟು ಸಾಕು. ಗುರುಗಳು ತನ್ನ ಮಾತನ್ನು ತಪ್ಪುತಪ್ಪಾಗಿ ಆಡುವುದನ್ನು ಕೇಳಿ ನಗುವ ಮಗು ಅರ್ಧ ಮನೆಗೆ ಬಂದಂತೆ.

ಹೊಸ ಭಾಷೆಯ ನಡುವೆ ಬಿದ್ದ ಮಗು ಬಹಳ ದಿನ, ಕೆಲವೊಮ್ಮೆ ತಿಂಗಳುಗಟ್ಟಲೆ, ಮೌನವಾಗಿರುವುದು ಸಹಜ. ಕೇಳಿಸಿಕೊಂಡು ಕೂಡಿಡುವ ಕಾಲವದು, ದಡ್ಡತನವಲ್ಲ. ಕೆನಡಾದಲ್ಲಿ ವಲಸಿಗ ಮಕ್ಕಳನ್ನು ಅಭ್ಯಸಿಸಿದ ಭಾಷಾಶಿಕ್ಷಣ ತಜ್ಞ ಜಿಮ್ ಕಮಿನ್ಸ್ ಇನ್ನೊಂದು ಸಂಗತಿ ತೋರಿಸಿದ್ದಾರೆ. ಆಟದ ಬಯಲಿನ ಮಾತುಕತೆಯ ಭಾಷೆಯನ್ನು ಮಕ್ಕಳು ಸುಮಾರು 2 ವರ್ಷಗಳಲ್ಲಿ ಕಲಿಯುತ್ತಾರೆ, ಪಾಠಪುಸ್ತಕದ ಭಾಷೆಗೆ 5ರಿಂದ 7 ವರ್ಷ ಬೇಕಾಗುತ್ತದೆ. “ಬಾಯಿ ತುಂಬಾ ಕನ್ನಡ ಮಾತಾಡ್ತಾನ, ಪರೀಕ್ಷೆದಾಗ ಮಾತ್ರ ಬರೆಯೂದಿಲ್ಲ, ಸೋಮಾರಿ” ಎಂದು ನಾವು ತೀರ್ಪು ಕೊಡುವ ಎಷ್ಟೋ ಮಕ್ಕಳು ಈ ನಡುವಿನ ವರ್ಷಗಳಲ್ಲಿರುವವರು.

ಹೊರಟ ಮಗುವಿನ ಕೈಯಲ್ಲಿ

ಇಲ್ಲಿಯವರೆಗೆ ಬರುವ ಮಗುವಿನ ಮಾತಾಯಿತು. ನಮ್ಮ ತಾಲ್ಲೂಕು ವಿಚಿತ್ರವಾದುದು: ಒಂದೇ ತಿಂಗಳಲ್ಲಿ ದಕ್ಷಿಣದ ಹಳ್ಳಿಗಳಿಂದ ಕುಟುಂಬಗಳು ಕೊಲ್ಹಾಪುರ, ಸಾಂಗಲಿಗಳ ಕಡೆ ಹೊರಡುತ್ತವೆ, ಹೊರಗಿನ ಟೋಳಿಗಳು ನಮ್ಮ ಜಿಲ್ಲೆಯ ಕಾರಖಾನೆಗಳ ಬಯಲಿಗೆ ಬಂದಿಳಿಯುತ್ತವೆ. ಹೋಗುವ ಮಗುವಿಗೆ ಕೊಡಲು ರಾಜ್ಯದಲ್ಲಿ ಶಿಕ್ಷಣ ಹಮಿ ಕಾರ್ಡ್ ಇದೆ. ಅದನ್ನು ತೋರಿಸಿದರೆ ಹೋದ ಊರಿನ ಶಾಲೆ ಸೇರಿಸಿಕೊಳ್ಳಬೇಕು. ಅಜ್ಜ ಅಜ್ಜಿಯರ ಬಳಿ ಮಗುವನ್ನು ಬಿಟ್ಟುಹೋಗಲು ಸಾಧ್ಯವಿದ್ದಲ್ಲಿ ಹಂಗಾಮಿ ವಸತಿಗೃಹದ ವ್ಯವಸ್ಥೆಯೂ ಇದೆ. ಊರಲ್ಲೇ ಉಳಿಯುವುದಾದರೆ ಅದೇ ಉತ್ತಮ. ಆದರೆ ಹೆಣ್ಣುಮಗುವನ್ನು ಬಿಟ್ಟುಹೋಗಲು ತಾಯಿ ಒಪ್ಪುವುದಿಲ್ಲ, ಎಳೆಯ ತಮ್ಮನನ್ನು ನೋಡಿಕೊಳ್ಳುವವರೂ ಬೇಕು. ಅವಳನ್ನು ದೂರುವುದರಿಂದ ಪ್ರಯೋಜನವಿಲ್ಲ.

ಕಾರ್ಡು ಹೇಳದ ಒಂದು ಕಷ್ಟ ಕನ್ನಡ ಮಾಧ್ಯಮದ ಮಗುವಿಗಿದೆ. ಬೀಡದ ಮಗು ಕೊಲ್ಹಾಪುರಕ್ಕೆ ಹೋದರೆ ಊರು ಬದಲಾಗುತ್ತದೆ. ಹುಲಜಂತಿಯ ಮಗು ಹೋದರೆ ಊರಿನ ಜೊತೆಗೆ ಮಾಧ್ಯಮವೂ ಲಿಪಿಯೂ ಬದಲಾಗುತ್ತವೆ. ನಾಲ್ಕನೆಯ ವರ್ಗದಲ್ಲಿ ಸರಾಗವಾಗಿ ಓದುತ್ತಿದ್ದವಳು ಅಲ್ಲಿ ‘ಓದು ಬಾರದವಳು’ ಆಗಿಬಿಡುತ್ತಾಳೆ. ಮರಳಿ ಬಂದಾಗ ಕನ್ನಡ ಅಕ್ಷರಗಳೂ ಮಸುಕಾಗಿರುತ್ತವೆ. ಇದಕ್ಕೆ ನಾನು ಕಂಡುಕೊಂಡ ಉಪಾಯ ಸರಳವಾದುದು: ಮುಂದಿನ ಶಿಕ್ಷಕರಿಗೆ ಮರಾಠಿಯಲ್ಲಿ ಒಂದು ಪುಟದ ಪತ್ರ.

ಪತ್ರದಲ್ಲಿ ಗುಣಗಾನ ಬೇಡ. ಈ ಮಗುವಿನ ಓದಿನ ಭಾಷೆ ಕನ್ನಡ, ಕನ್ನಡದಲ್ಲಿ ಕಥೆಯನ್ನು ತಾನೇ ಓದುತ್ತಾಳೆ, ದೇವನಾಗರಿಯಲ್ಲಿ ಇಷ್ಟು ಅಕ್ಷರ ಬಲ್ಲಳು, ಮರಾಠಿ ಕೇಳಿದರೆ ತಿಳಿಯುತ್ತದೆ, ಗಣಿತದಲ್ಲಿ ಇಂಥ ಪಾಠದವರೆಗೆ ಬಂದಿದ್ದಾಳೆ ಎಂದು ಬರೆಯಿರಿ. ಬಾಲಭಾರತಿಯ ಗಣಿತ ಪಠ್ಯಕ್ರಮ ಕನ್ನಡಕ್ಕೂ ಮರಾಠಿಗೂ ಒಂದೇ ಆದುದರಿಂದ ಪಾಠದ ಹೆಸರು ಕೊಟ್ಟರೆ ಅಲ್ಲಿಯ ಶಿಕ್ಷಕರಿಗೆ ಕೂಡಲೇ ತಿಳಿಯುತ್ತದೆ. ಮಗು ಕನ್ನಡ ಪುಸ್ತಕ ತೆರೆದು, ಉಳಿದವರು ಮರಾಠಿ ಪುಸ್ತಕ ತೆರೆದು ಅದೇ ಲೆಕ್ಕ ಮಾಡಬಹುದು. ಆದ್ದರಿಂದ ಪುಸ್ತಕಗಳನ್ನು ಶಾಲೆಯಲ್ಲಿ ಇರಿಸಿಕೊಳ್ಳದೆ ಮಗುವಿನ ಚೀಲದಲ್ಲಿ ಹಾಕಿ. ಹರಿದು ಬಂದರೆ ಬರಲಿ. ಜೊತೆಗೆ ಎರಡು ಸಣ್ಣ ಕನ್ನಡ ಕಥೆಪುಸ್ತಕಗಳನ್ನೂ ಇಡಿ, ಅಕ್ಷರ ಮರೆಯದಿರಲು ಅದಕ್ಕಿಂತ ಅಗ್ಗದ ದಾರಿಯಿಲ್ಲ.

ಮಗುವಿನ ಹೆಸರನ್ನು ದೇವನಾಗರಿಯಲ್ಲಿ ಬಿಡಿಸಿ ಬರೆಯಿರಿ. ಮಾಳವ್ವ, ಬೀರಪ್ಪ, ಯಲ್ಲವ್ವ ಎಂಬ ಹೆಸರುಗಳು ಹೊಸಬರ ಬಾಯಲ್ಲಿ ಏನೇನೋ ಆಗಿ ಮೊದಲ ದಿನವೇ ನಗೆಗೆ ಕಾರಣವಾಗುತ್ತವೆ. ಮನೆಯಲ್ಲಿ ಕರೆಯುವ ಹೆಸರು ಬೇರೆಯಿದ್ದರೆ ಮಗುವನ್ನು ಕೇಳಿಕೊಂಡು ಅದನ್ನೂ ಸೇರಿಸಿ. ಕೆಳಗೆ ನಿಮ್ಮ ಸಹಿಯ ಜೊತೆ ದೂರವಾಣಿ ಸಂಖ್ಯೆ ಇರಲಿ. ಡಿಸೆಂಬರ್ ತಿಂಗಳಲ್ಲಿ ಒಮ್ಮೆ ನೀವೇ ಆ ಶಾಲೆಗೆ ಕರೆ ಮಾಡಿ, ಸಾಧ್ಯವಾದರೆ ಮಗುವಿನೊಡನೆ ಎರಡು ಮಾತು ಕನ್ನಡದಲ್ಲಿ ಆಡಿ. ಇಲ್ಲಿ ವರ್ಗದಲ್ಲಿ ಹಾಜರಿ ಕರೆಯುವಾಗ ಅದರ ಹೆಸರನ್ನೂ ಕರೆಯಿರಿ. ಉಳಿದ ಮಕ್ಕಳು “ಊರಿಗಿ ಹೋಗ್ಯಾಳರಿ, ಬರ್ತಾಳ” ಎಂದು ಉತ್ತರ ಕೊಡುತ್ತಾರೆ.